ಬಾಣಂತಿ ಕೋಣೆಯ ಬಾಟಲಿ

"ನಾನೇ ಕೊಂದೆ ಸಾರ್. ಬರ್ಕೊಳ್ಳಿ."

ರಾಮಾನುಜ ಹೀಗೆ ಹೇಳಿದಾಗ ಲಾಕಪ್ಪಿನ ಗೋಡೆಗೆ ಒರಗಿ ಕೂತು ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ. ಯಾರೂ ಅವನನ್ನು ಹೊಡೆದಿರಲಿಲ್ಲ, ಬೆದರಿಸಿರಲಿಲ್ಲ. ಬೆಳಗಿನ ಉಪ್ಪಿಟ್ಟು ಮುಟ್ಟದೆ ಪಕ್ಕದಲ್ಲೇ ಒಣಗುತ್ತಿತ್ತು.

ಸಬ್ ಇನ್ಸ್‌ಪೆಕ್ಟರ್ ದೊಡ್ಡಬೈರಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನಾನು ಇಲಾಖೆಯಲ್ಲಿದ್ದಾಗ ನನ್ನ ಕೈಕೆಳಗೆ ಕೆಲಸ ಕಲಿತವನು, ನಾನು ನಿವೃತ್ತನಾದ ಮೇಲೂ ತೊಡಕಿನ ಕೇಸು ಬಂದರೆ ಕರೆಸುತ್ತಾನೆ. ಈಗ ಹೊಟ್ಟೆಯೂ ಬಂದಿದೆ, ಧೈರ್ಯವೂ ಬಂದಿದೆ. ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಇದೇ ಮಾತು ಹೇಳಿಸಿ ಸಹಿ ಹಾಕಿಸಿಬಿಟ್ಟರೆ ಕೇಸು ಮುಗಿಯಿತು, ನೀವು ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿ ಎಂದು ನನಗೇ ಬುದ್ಧಿ ಹೇಳಿದ.

ನನಗೆ ಮೈಯೆಲ್ಲ ಉರಿಯಿತು. ಈ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು, ಈ ಲಕ್ಷ್ಮಯ್ಯ. ಕೊಂದವರು ನಾನಲ್ಲ ಅನ್ನುತ್ತಾರೆ, ಇನ್ನೊಬ್ಬ ಅನ್ನುತ್ತಾರೆ, ಕುಡಿದಿದ್ದೆ ನೆನಪಿಲ್ಲ ಅನ್ನುತ್ತಾರೆ. ಕೇಳುವ ಮೊದಲೇ ನಾನೇ ಅನ್ನುವವನನ್ನು ಕಂಡರೆ ನನಗೆ ನಂಬಿಕೆ ಬರುವುದಿಲ್ಲ.

ಅವನ ಹೆಂಡತಿ ಚೂಡಾಮಣಿ ಚಾಮರಾಜಪೇಟೆಯ ತವರಿನಲ್ಲಿ, ಹೆಣ್ಣುಮಗು ಹೆತ್ತು ವಾರ ಕಳೆಯುವಷ್ಟರಲ್ಲಿ ಸನ್ನಿ ಹತ್ತಿ ಸತ್ತಿದ್ದಳು. ಅಳಿಯ ಬಾಟಲಿಯಲ್ಲಿ ವಿಷ ತಂದು ಕುಡಿಸಿದ್ದನ್ನು ಕಣ್ಣಾರೆ ಕಂಡೆ ಎಂದು ತಾಯಿ ಭಾಗೀರಥಮ್ಮ ದೂರು ಕೊಟ್ಟಿದ್ದರು, ಆ ಬಾಟಲಿಯನ್ನು ಹೋದ ವಾರ ಹುಡುಕಿಕೊಟ್ಟವನು ನಾನೇ.

"ಯಾವ ವಿಷನಪ್ಪಾ ಅದು?" ಎಂದೆ.

ರಾಮಾನುಜ ಬಾಯಿ ತೆರೆದ, ಮುಚ್ಚಿದ. ಮಲ್ಲೇಶ್ವರಂ ಸಂಪಿಗೆ ರಸ್ತೆಯ ಮೆಡಿಕಲ್ ಶಾಪಿನಲ್ಲಿ ದಿನವಿಡೀ ನಿಂತು ಔಷಧಿ ಕೊಡುವವನು ಅವನು. ಅವನಿಗೆ ಒಂದು ವಿಷದ ಹೆಸರು ಹೊಳೆಯಲಿಲ್ಲ.

ದೊಡ್ಡಬೈರಪ್ಪ ಟೀ ಲೋಟ ಕೆಳಗಿಟ್ಟ. ನಾನು ಅವನನ್ನು ಹೊರಗೆ ಕಳಿಸಿ, ಕಂಬಿಯ ಈಚೆ ಸ್ಟೂಲು ಎಳೆದುಕೊಂಡು ಕೂತೆ. ಆ ಬಾಟಲಿ ಹೋದ ವಾರದಿಂದ ನನ್ನ ತಲೆ ತಿನ್ನುತ್ತಿತ್ತು. ಕಬ್ಬಿಣದಂಶದ ಟಾನಿಕ್ಕಿನ ಕಂದು ಬಣ್ಣದ ಸೀಸೆ. ಪರೀಕ್ಷೆಗೆ ಕಳಿಸಿದರೆ ಏನೂ ಸಿಗಲಿಲ್ಲ, ಚೆನ್ನಾಗಿ ತೊಳೆದಿದೆ ಎಂದು ವರದಿ ಬಂತು. ಪೊಲೀಸರಿಗೆ ಅದೂ ಒಂದು ಸಾಕ್ಷಿಯೇ ಆಯಿತು: ನೋಡಿ, ವಿಷದ ಗುರುತು ಸಿಗದ ಹಾಗೆ ತೊಳೆದಿಟ್ಟಿದ್ದಾನೆ ಎಂದರು.

ಆದರೆ ಅದು ಎಲ್ಲಿ ಸಿಕ್ಕಿತು ಅನ್ನುವುದನ್ನು ಯಾರೂ ಯೋಚಿಸಲಿಲ್ಲ. ಚೂಡಾಮಣಿಯ ಸ್ವಂತ ಟ್ರಂಕಿನ ತಳದಲ್ಲಿ, ಅವಳದೇ ಒಂದು ರವಿಕೆಯಲ್ಲಿ ಸುತ್ತಿ ಇಟ್ಟಿತ್ತು. ವಿಷ ಹಾಕಿದವನು ಸೀಸೆಯನ್ನು ಹೊತ್ತುಕೊಂಡು ಹೋಗಿ ಯಾವುದಾದರೂ ಮೋರಿಗೆ ಎಸೆಯುತ್ತಾನೆ. ಇದನ್ನು ಜೋಪಾನ ಮಾಡಿದ್ದು ಕುಡಿದವಳು.

ನಾನು ಇಷ್ಟನ್ನೂ ಅವನಿಗೆ ನಿಧಾನವಾಗಿ ಹೇಳಿದೆ. ರವಿಕೆಯ ಬಣ್ಣವನ್ನೂ ಹೇಳಿದೆ, ಎಲೆಹಸಿರು ಎಂದು. ಅದನ್ನು ಕೇಳಿದ್ದೇ ತಡ, ಅವನು ಹೆಬ್ಬೆರಳಿನಿಂದ ಕಣ್ಣು ಕಿತ್ತು ನನ್ನನ್ನು ನೋಡಿದ.

"ನೀರು ಸಾರ್," ಎಂದ. "ಬರೀ ನೀರು."

ಆಮೇಲೆ ಅವನನ್ನು ತಡೆಯಲಾಗಲಿಲ್ಲ. ಬಾಣಂತಿಗೆ ನೀರು ಕೊಡಬಾರದು ಅನ್ನುವುದು ಆ ಮನೆಯ ಕಟ್ಟುಪಾಡು. ಮೆಣಸಿನ ಸಾರು ಕಲಸಿದ ಎರಡು ತುತ್ತು ಅನ್ನ, ತುಪ್ಪ, ವೀಳ್ಯದೆಲೆ, ಬೇಕಾದರೆ ಅರ್ಧ ಲೋಟ ಬಿಸಿ ಕಷಾಯ. ಕಿಟಕಿ ಮುಚ್ಚಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ತಲೆಗೆ ಬಟ್ಟೆ ಕಟ್ಟಿ ಮಲಗಿಸಿದ್ದರು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ಸಂಜೆ ಅವನು ನೋಡಲು ಹೋದಾಗಲೆಲ್ಲ ಅವಳು ಮಗುವಿನ ಸುದ್ದಿ ಆಡುವ ಮೊದಲು ನೀರು ಕೇಳುತ್ತಿದ್ದಳಂತೆ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತೆ, ಒಂದು ಗುಟುಕು ತಂದುಕೊಡಿ, ಅಮ್ಮನಿಗೆ ಗೊತ್ತಾದರೆ ನೊಂದುಕೊಳ್ಳುತ್ತಾರೆ, ನನ್ನಾಣೆ ಹೇಳಬೇಡಿ ಅನ್ನುತ್ತಿದ್ದಳಂತೆ.

ಒಂದು ಸಂಜೆ ಅವನು ತಡೆಯಲಾರದೆ ಖಾಲಿ ಟಾನಿಕ್ ಸೀಸೆ ತೊಳೆದು, ಅಂಗಡಿಯ ನಲ್ಲಿಯಿಂದ ನೀರು ತುಂಬಿಸಿ, ಷರ್ಟಿನೊಳಗಿಟ್ಟುಕೊಂಡು ಹೋದ.

"ಅವಳಿಗೆ ಹಿಡ್ಕೊಳ್ಳೋಕೇ ಆಗ್ಲಿಲ್ಲ ಸಾರ್. ಬಲಗೈ ಜೋಮು ಹಿಡಿದಿದೆ ಅಂದ್ಲು. ನಾನೇ ಬಾಯಿಗೆ ಹಿಡಿದೆ. ಅಷ್ಟನ್ನೂ ಕುಡಿದು ನಕ್ಳು. ನಾಳೆನೂ ತನ್ನಿ ಅಂತ ಸೀಸೆನ ತಾನೇ ಎತ್ತಿಟ್ಕೊಂಡ್ಲು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಬೆಳಿಗ್ಗೆ ಸನ್ನಿ ಹತ್ತಿತು. ಬಾಣಂತಿ ನೀರು ಕುಡಿದ್ರೆ ಸನ್ನಿ ಹತ್ತುತ್ತೆ ಅಂತ ಅತ್ತೆ ಬಡ್ಕೊಂಡಿದ್ರು. ನಾನು ಕೇಳ್ಲಿಲ್ಲ. ನಾನೇ ಕೊಂದೆ ತಾನೇ?"

ಅಕ್ಕಿಪೇಟೆಯ ನಮ್ಮ ಮನೆಯಲ್ಲೂ ಇದೇ ಪದ್ಧತಿ. ನನ್ನ ಹೆಂಡತಿ ಅಂಜಿನಮ್ಮನ ಬಾಣಂತನವೂ ಮೆಣಸಿನ ಸಾರಿನಲ್ಲೇ ಮುಗಿದಿತ್ತು, ಅವಳು ಇವತ್ತಿಗೂ ಗಟ್ಟಿಯಾಗಿದ್ದಾಳೆ. ನೀರು ಕುಡಿದರೆ ಸನ್ನಿ ಹತ್ತುತ್ತದೆಂದು ನಾನೂ ಕೇಳಿಕೊಂಡೇ ಬೆಳೆದವನು.

ಒಂದು ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಕೈ ಜೋಮು ಹಿಡಿದದ್ದು ನೀರು ಕುಡಿಯುವ ಮೊದಲು.

*

ಡಾಕ್ಟರ್ ಗಿರಿಜಾಂಬಾ ಅವರ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಶವಾಗಾರ ದಾಟಿ ಹೋಗಬೇಕು. ಬಾಗಿಲು ತೆಗೆಯುತ್ತಿದ್ದ ಹಾಗೆ ಫಾರ್ಮಲಿನ್ ವಾಸನೆ ಕಣ್ಣಿಗೆ ಹೊಡೆಯಿತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಗಾಜಿನ ಜಾಡಿಗಳು, ಜಾಡಿಗಳ ತುಂಬ ಮಿದುಳುಗಳು. ಕೆಳಗಿನ ಸಾಲಿನಲ್ಲಿದ್ದವು ತೀರ ಚಿಕ್ಕವು. ತಾಯಿಯ ಹೊಟ್ಟೆಯಲ್ಲೇ ಸರಿಯಾಗಿ ಬೆಳೆಯದೆ ಹೋದ ಕೂಸುಗಳದು ಎಂದರು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಆಕೆ ಐವತ್ತು ದಾಟಿದ ಹೆಂಗಸು, ಕೈಮಗ್ಗದ ಸೀರೆ, ಮಾತು ಕಡಿಮೆ. ಮಿದುಳಿನ ಕಾಯಿಲೆಗಳ ಸಂಶೋಧನೆಯಲ್ಲೇ ಆಯುಷ್ಯ ಕಳೆದವರು. ಊರಿನಲ್ಲಿ ಬಾಣಂತಿ ಸತ್ತು ಹೆಣ ಕೊಯ್ಯುವ ಪ್ರಸಂಗ ಬಂದರೆ ಮಿದುಳನ್ನು ತಮಗೆ ಕಳಿಸಬೇಕೆಂದು ಶವಪರೀಕ್ಷೆಯ ಡಾಕ್ಟರಿಗೆ ಹೇಳಿಟ್ಟಿದ್ದರು. ಹಾಗಾಗಿ ಚೂಡಾಮಣಿ ಇಲ್ಲಿದ್ದಳು, ಕೈ ಜೋಮಿನ ಮಾತು ಕೇಳಿ ಆ ಡಾಕ್ಟರೇ ನನ್ನನ್ನೂ ಇಲ್ಲಿಗೆ ಕಳಿಸಿದ್ದರು. ಹಸಿ ಮಿದುಳು ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ, ವಾರಗಟ್ಟಲೆ ಈ ದ್ರಾವಣದಲ್ಲಿ ನೆನೆದು ಗಟ್ಟಿಯಾದ ಮೇಲೇ ಕೊಯ್ಯಬೇಕು, ಅದಕ್ಕೇ ಇಷ್ಟು ತಡವಾಯಿತು ಎಂದರು.

"ಇವತ್ತು ಬೆಳಿಗ್ಗೆ ಕೊಯ್ದೆ," ಎಂದರು. "ವಿಷ ಅಲ್ಲ. ಲಕ್ವ."

ಲಕ್ವ ಹೊಡೆಯುವುದು ಮುದುಕರಿಗಲ್ಲವೇ, ಇವಳಿಗಿನ್ನೂ ಇಪ್ಪತ್ತೆರಡು ಎಂದೆ. ಅವರು ಒಂದು ತಟ್ಟೆಯನ್ನು ಕಿಟಕಿಯ ಬೆಳಕಿಗೆ ತಂದರು. ನಾನು ನೋಡಲೇಬೇಕಾಯಿತು. ನೆತ್ತಿಯ ನಡುವೆ ಹಣೆಯಿಂದ ಹಿಂದಕ್ಕೆ ಹೋಗುವ ಒಂದು ದೊಡ್ಡ ರಕ್ತನಾಳವಿದೆ, ಮಿದುಳಿನಿಂದ ರಕ್ತ ವಾಪಸು ಹೋಗುವ ದಾರಿ ಅದು. ಆ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪು ಹುರಿಯ ಹಾಗೆ ಕೂತಿತ್ತು. ಹೊರಗೆ ಹೋಗಲಾರದ ರಕ್ತ ಎಡಭಾಗದ ಮಿದುಳಿನೊಳಗೇ ಒಡೆದು ಹರಡಿತ್ತು.

ಇದು ಹೆಚ್ಚಾಗಿ ಬಾಣಂತಿಯರಿಗೇ ಬರುವ ಲಕ್ವ ಎಂದು ಅವರು ಬಿಡಿಸಿ ಹೇಳಿದರು. ಹೆರಿಗೆಯಾದ ಮೇಲೆ ರಕ್ತ ತಾನಾಗಿಯೇ ಬೇಗ ಹೆಪ್ಪುಗಟ್ಟುತ್ತದೆ, ಇಲ್ಲದಿದ್ದರೆ ರಕ್ತಸ್ರಾವ ನಿಲ್ಲುವುದೇ ಇಲ್ಲ. ಆ ಹೊತ್ತಿನಲ್ಲಿ ಮೈಗೆ ನೀರು ಸಾಲದೆ ಹೋದರೆ ರಕ್ತ ಇನ್ನೂ ಮಂದವಾಗುತ್ತದೆ. ಮೊದಲು ತಲೆನೋವು. ಆಮೇಲೆ ಒಂದು ಕೈಯೋ ಕಾಲೋ ಸ್ವಾಧೀನ ತಪ್ಪುತ್ತದೆ. ಆಮೇಲೆ ಫಿಟ್ಸು, ಜನ ಅದನ್ನೇ ಸನ್ನಿ ಅನ್ನುತ್ತಾರೆ. ತಲೆಯೊಳಗಿನ ಚಿತ್ರ ತೆಗೆಯುವ ಯಂತ್ರ ಹೊರದೇಶದಲ್ಲಿ ಬಂದಿದೆಯಂತೆ. ಇವರಿಗೆ ಇನ್ನೂ ಸತ್ತ ಮೇಲೇ ಒಳಗೇನಿತ್ತು ಎಂದು ಗೊತ್ತಾಗುವುದು.

ಈ ಕಾಯಿಲೆ ಬಂದು ಬದುಕಿದವರ, ಸತ್ತವರ ತಾಯಂದಿರನ್ನೆಲ್ಲ ಅವರು ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದರಂತೆ. ಎಷ್ಟು ನೀರು ಕೊಟ್ಟಿರಿ?

"ಒಂದು ತೊಟ್ಟೂ ಕೊಟ್ಟಿಲ್ಲಮ್ಮ ಅಂತ ಹೆಮ್ಮೆಯಿಂದ ಹೇಳ್ತಾರೆ," ಎಂದರು ಗಿರಿಜಾಂಬಾ. "ಮಗಳನ್ನ ಚೆನ್ನಾಗಿ ನೋಡ್ಕೊಂಡಿದೀವಿ ಅನ್ನೋದಕ್ಕೆ ಅದೇ ಸಾಕ್ಷಿ ಅವರಿಗೆ. ನಾನು ತಲೆ ತಗ್ಗಿಸಿಕೊಂಡು ಬರ್ಕೋತೀನಿ."

ಹಾಗಾದರೆ ನೀರು ಕೊಡದಿದ್ದುದೇ ಕಾರಣ ಎಂದು ಕೋರ್ಟಿನಲ್ಲಿ ಹೇಳುತ್ತೀರಾ ಎಂದೆ. ಆಕೆ ತಟ್ಟೆಯ ಮೇಲೆ ಬಟ್ಟೆ ಮುಚ್ಚಿದರು. ನೀರಿಲ್ಲದೆಯೂ ಎಷ್ಟೋ ಜನ ಎದ್ದು ಓಡಾಡುತ್ತಾರೆ, ನೀರು ಕುಡಿದವರಿಗೂ ಒಮ್ಮೊಮ್ಮೆ ಬರುತ್ತದೆ, ನನ್ನ ಅಧ್ಯಯನ ಇನ್ನೂ ಮುಗಿದಿಲ್ಲ ಎಂದರು. ಆದರೆ ವಿಷವಲ್ಲ ಎಂದು ಖಂಡಿತ ಹೇಳಬಲ್ಲರು. ಕೈ ಜೋಮು ಹಿಡಿದದ್ದು ಆ ಸೀಸೆ ಬರುವ ಮೊದಲೇ ಎಂದು ಸಾಬೀತಾದರೆ, ಆ ನೀರಿನಿಂದ ಏನೂ ಆಗಲಿಲ್ಲ ಎಂದೂ ಹೇಳಬಲ್ಲರು.

"ಅವನು ಹೆಂಡತಿಗೆ ಕೊಟ್ಟದ್ದು ಔಷಧಿ ಲಕ್ಷ್ಮಯ್ಯನವರೇ. ತಡವಾಗಿ ಕೊಟ್ಟ, ಅಷ್ಟೆ. ಆದ್ರೆ ಅವನ ಮಾತನ್ನ ಯಾರು ನಂಬ್ತಾರೆ? ತಲೆನೋವು ಯಾವಾಗ ಬಂತು, ಕೈ ಯಾವಾಗ ಹೋಯ್ತು ಅಂತ ಆ ತಾಯಿನೇ ಹೇಳ್ಬೇಕು."

ನಾನು ಏಳುವಾಗ ಇನ್ನೊಂದು ಮಾತು ಕೇಳಿದೆ, ಕೇಳಬಾರದಿತ್ತೋ ಏನೋ. ಮಗಳ ಮಿದುಳು ಇಲ್ಲಿ ಉಳಿದಿದೆ, ಅದಿಲ್ಲದ ದೇಹಕ್ಕೆ ಸಂಸ್ಕಾರ ಮಾಡಿದೆವು ಎಂದು ಆ ಮನೆಯವರಿಗೆ ಗೊತ್ತೇ ಎಂದೆ.

"ಯಾರೂ ಕೇಳಲ್ಲ, ನಾನೂ ಹೇಳಲ್ಲ," ಎಂದರು. ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು. ಬಾಗಿಲವರೆಗೂ ಬಂದು, ತಲೆನೋವು ಅಂದ ಕೂಡಲೇ ಕರೆತಂದರೆ ಎಷ್ಟೋ ಜನರನ್ನು ಉಳಿಸಿಕೊಳ್ಳಬಹುದು, ಕೈ ಹೋದ ಮೇಲೆ ಬಂದರೆ ದೇವರೇ ಗತಿ ಎಂದರು. ಅದನ್ನು ನನಗೇಕೆ ಹೇಳಿದರೋ, ಎಲ್ಲರಿಗೂ ಹೇಳಿ ಅಭ್ಯಾಸವಾಗಿರಬೇಕು.

*

ಬಸ್ಸಿನಲ್ಲಿ ಬರುವಾಗ ನನಗೆ ಆ ತಾಯಿಯ ಮುಖವೇ ಕಣ್ಣ ಮುಂದೆ. ರಾಮಾನುಜನನ್ನು ಬಿಡಿಸಬೇಕು, ಇಲ್ಲದಿದ್ದರೆ ಆ ಮುಗ್ಧ ಮುಂಡೇದು ನಾಳೆ ತಾನೇ ಕುಣಿಕೆಗೆ ಕತ್ತು ಕೊಟ್ಟು ಬರುತ್ತಾನೆ. ಅವನನ್ನು ಬಿಡಿಸಬೇಕಾದರೆ ಭಾಗೀರಥಮ್ಮನ ಬಾಯಿಂದಲೇ ಮಾತು ಬರಬೇಕು. ಆ ಮಾತಿನ ಅರ್ಥ ಆಕೆಗೆ ತಿಳಿದರೆ ಆಕೆ ಬದುಕುತ್ತಾರೆಯೇ? ಕಳ್ಳನನ್ನು ಹಿಡಿಯುವುದು ಸುಲಭ, ಇಂಥ ಕೆಲಸ ಯಾರಿಗೂ ಬೇಡ.

ಚಾಮರಾಜಪೇಟೆಯ ಆ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯ ಕೆಂಪು ಗಾರೆ ನೆಲ ಮಧ್ಯಾಹ್ನಕ್ಕೂ ತಣ್ಣಗಿತ್ತು. ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಚೂಡಾಮಣಿಯ ಮಗು. ಮೊದಲ ಸಲ ಬಂದಾಗ ಈ ಮನೆಯಲ್ಲಿ ಬರೀ ಹಾಲಿನ ವಾಸನೆ ಇತ್ತು. ಹೋದ ವಾರ ಬಂದಾಗ ಬಾಣಂತಿ ಕೋಣೆಯನ್ನು ತೊಳೆದು ಬಾಗಿಲು ತೆರೆದಿಟ್ಟಿದ್ದರು. ಇವತ್ತು ಸಾಂಬ್ರಾಣಿ ಹೊಗೆ ಇತ್ತು. ಮಗುವಿಗೆ ಎಣ್ಣೆನೀರು ಹಾಕಿರಬೇಕು ಎಂದುಕೊಂಡೆ.

ಭಾಗೀರಥಮ್ಮ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದರು. ಹಿತ್ತಾಳೆ ಲೋಟದ ತುಂಬ ನೀರು, ಪಕ್ಕದಲ್ಲಿ ಒಂದು ಚೂರು ಬೆಲ್ಲ.

"ಬಿಸಿಲಲ್ಲಿ ಬಂದಿದೀರಿ. ಮೊದಲು ನೀರು ತಗೊಳ್ಳಿ, ಆಮೇಲೆ ಮಾತು."

ಆ ಮನೆಯಲ್ಲಿ ಯಾರು ಬಂದರೂ ಹೀಗೆಯೇ. ತರಕಾರಿಯವಳಿಗೂ ಪೋಸ್ಟಿನವನಿಗೂ ನೀರು ಕೊಡದೆ ಆಕೆ ಕಳಿಸಿದವರಲ್ಲ. ನನ್ನ ಗಂಟಲು ಒಣಗಿತ್ತು, ಆದರೂ ಆ ಲೋಟ ಮುಟ್ಟಲು ಕೈ ಬರಲಿಲ್ಲ.

ಅಳಿಯ ಒಪ್ಪಿಕೊಂಡನಂತೆ ಎಂದು ಆಕೆಯೇ ಮೊದಲು ಮಾಡಿದರು. ಖುಷಿಯೇನೂ ಇರಲಿಲ್ಲ ದನಿಯಲ್ಲಿ. ನಾನು ಚೂಡಾಮಣಿಗೆ ತಲೆನೋವು ಏನಾದರೂ ಇತ್ತೇ ಎಂದು ಕೇಳಿದೆ. ಪೊಲೀಸ್ ಬುದ್ಧಿ, ನೇರವಾಗಿ ಕೇಳಬೇಕಾದ್ದನ್ನು ಬಳಸಿ ಕೇಳುವುದು.

ಇತ್ತು ಎಂದರು. ಅಳಿಯ ಬಾಟಲಿ ತಂದ ದಿನಕ್ಕೆ ಎರಡು ದಿನ ಮೊದಲೇ ಶುರುವಾಗಿತ್ತು. ತಲೆ ಸಿಡಿಯುತ್ತೆ ಅಂತ ಗೋಡೆಗೆ ಹಣೆ ಒತ್ತಿಕೊಳ್ಳುತ್ತಿದ್ದಳು. ಶೀತ ಎಂದು ಶುಂಠಿ ಪಟ್ಟು ಹಾಕಿದ್ದರು.

"ಕೈ?"

"ಮಗೂನ ಎತ್ಕೋ ಅಂತ ಕೊಟ್ಟರೆ ಬಲಗೈ ಜಾರೋದು. ಅವತ್ತು ಬೆಳಿಗ್ಗೆ." ಭಾಗೀರಥಮ್ಮ ತೊಟ್ಟಿಲ ಹಗ್ಗ ಹಿಡಿದರು. "ಹೆತ್ತ ಮಗೂನ ಎತ್ಕೊಳ್ಳೋಕೂ ಸೋಮಾರಿತನವಾ ಅಂತ ಬೈದೆ. ನಾನು ಅವಳ ಹತ್ರ ಆಡಿದ ಕೊನೇ ಮಾತು ಅದೇ ಇರ್ಬೇಕು."

ಅಷ್ಟು ಸಾಕಿತ್ತು. ರಾಮಾನುಜ ಬದುಕಿದ. ನಾನು ನಿಧಾನವಾಗಿ, ಆ ಸೀಸೆಯಲ್ಲಿ ಇದ್ದದ್ದು ವಿಷವಲ್ಲ, ನೀರು ಎಂದೆ. ಅವಳೇ ಅಂಗಲಾಚಿ ತರಿಸಿಕೊಂಡದ್ದು, ನಿಮಗೆ ನೋವಾಗಬಾರದೆಂದು ಗಂಡನಿಂದ ಆಣೆ ಹಾಕಿಸಿಕೊಂಡಳು ಎಂದೆ.

ಆಕೆ ತೊಟ್ಟಿಲನ್ನು ಎರಡು ಸಲ ತೂಗಿದರು. ಆಮೇಲೆ ತಲೆಯಾಡಿಸಿದರು.

"ಹಾಗಾದ್ರೆ ಆ ನೀರೇ ಕೊಂದಿದ್ದು. ವಿಷ ಯಾಕೆ ಬೇಕಿತ್ತು? ನಮ್ಮಮ್ಮ ನನಗೆ ನಾಲ್ಕು ಬಾಣಂತನ ಮಾಡಿದ್ರು, ಒಂದು ತೊಟ್ಟು ನೀರು ಮುಟ್ಟಿಸ್ಲಿಲ್ಲ. ನೋಡಿ, ಬದುಕಿಲ್ವಾ ನಾನು? ಆ ಹುಡುಗನಿಗೆ ಏನು ಗೊತ್ತು ಪಾಪ, ಪ್ರೀತಿಯಿಂದ ಕೊಟ್ಟಿದಾನೆ. ಬಿಟ್ಬಿಡಿ ಅವನನ್ನ. ನಾನೇ ಬಂದು ಬರ್ಕೊಡ್ತೀನಿ."

ಒಂದು ತಿಂಗಳಲ್ಲಿ ಮೊದಲ ಸಲ ಆಕೆ ಅವನನ್ನು ಪಾಪ ಅಂದದ್ದು. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಆದರೂ ಮುಖ ಸ್ವಲ್ಪ ಹಗುರವಾಗಿತ್ತು. ಮಗಳನ್ನು ಯಾರೂ ಬೇಕೆಂದು ಕೊಲ್ಲಲಿಲ್ಲ ಅನ್ನುವುದು ತಾಯಿಗೆ ಎಷ್ಟು ದೊಡ್ಡ ಸಮಾಧಾನವೋ ನನಗೆ ಹೇಗೆ ಗೊತ್ತಾಗಬೇಕು.

ನಾನು ಅಲ್ಲಿಗೇ ನಿಲ್ಲಿಸುವುದು ಎಂದು ತೀರ್ಮಾನ ಮಾಡಿದೆ. ಅಳಿಯ ಹೊರಗೆ ಬರುತ್ತಾನೆ, ಮಗುವಿಗೆ ಅಪ್ಪ ಸಿಗುತ್ತಾನೆ, ಅಜ್ಜಿಯೂ ಉಳಿಯುತ್ತಾಳೆ. ಉಳಿದ ಅರ್ಧ ಸತ್ಯ ನನ್ನ ಹೊಟ್ಟೆಯಲ್ಲೂ ಗಿರಿಜಾಂಬಾ ಅವರ ಜಾಡಿಯಲ್ಲೂ ಇರಲಿ. ಅದನ್ನು ಹೇಳಿ ಯಾವ ಸುಖ? ಹೌದಮ್ಮಾ, ಹಾಗೇ ಮಾಡೋಣ ಎಂದು ಎದ್ದೆ.

ಆಗ ಮಗು ಅತ್ತಿತು.

ನಾನು ತೊಟ್ಟಿಲ ಕಡೆ ನೋಡಿದೆ. ಮಗು ಬೆರಳು ಬಾಯಲ್ಲಿಟ್ಟುಕೊಂಡು ಗಾಢ ನಿದ್ದೆಯಲ್ಲಿತ್ತು. ಅಳು ಬರುತ್ತಿದ್ದದ್ದು ಮುಚ್ಚಿದ ಕೋಣೆಯಿಂದ, ಸಾಂಬ್ರಾಣಿ ಹೊಗೆ ಬರುತ್ತಿದ್ದ ಸಂದಿಯಿಂದ.

"ಒಳಗೆ ಯಾರಮ್ಮಾ?"

ಸೊಸೆ ವನಮಾಲ ಎಂದರು. ಮಗ ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ. ಸೊಸೆಗೆ ತಾಯಿಯಿಲ್ಲ, ತವರಿನಲ್ಲಿ ಮಾಡುವವರಿಲ್ಲ, ಅದಕ್ಕೆ ಇಲ್ಲೇ ಬಾಣಂತನ. ಹೋದ ವಾರ ನಾನು ಟ್ರಂಕು ತಡಕುತ್ತಿದ್ದಾಗ ಅವಳು ಆಸ್ಪತ್ರೆಯಲ್ಲಿದ್ದಳು. ಆಮೇಲೆ ಮಗುವಿನ ಜೊತೆ ಇಲ್ಲಿಗೇ ಕರೆತಂದರು.

ನೀರು ಕೊಡುತ್ತಿದ್ದೀರಾ ಎಂದೆ.

"ಈ ಸಲ ಯಾವ ತಪ್ಪೂ ಆಗ್ಬಾರ್ದು ಅಂತ ರಾತ್ರಿನೂ ಬಾಗಿಲಲ್ಲೇ ಮಲಗ್ತೀನಿ," ಎಂದರು ಭಾಗೀರಥಮ್ಮ. "ಯಾರೂ ಬಾಟಲಿ ಒಳಗೆ ತರೋ ಹಾಗಿಲ್ಲ."

ವಿಷ ಎಂದು ನಂಬಿದ್ದರಿಂದಲೇ ಆಕೆಗೆ ಪದ್ಧತಿಯ ಮೇಲೆ ಅನುಮಾನ ಬಂದಿರಲಿಲ್ಲ, ಇನ್ನೂ ಬಿಗಿ ಮಾಡಿದ್ದರು. ಈಗ ನೀರೇ ಕೊಂದಿತು ಎಂದು ನಂಬಿಸಿ ನಾನು ಎದ್ದು ಹೊರಟಿದ್ದೆ.

ಇನ್ನು ನಾಜೂಕು ಮಾಡಲು ಹೊತ್ತಿರಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ನೆತ್ತಿಯ ರಕ್ತನಾಳ, ಹೆಪ್ಪುಗಟ್ಟಿದ ರಕ್ತ, ಲಕ್ವ, ನೀರಿಲ್ಲದ ಮೈ. ಇಂಥ ತಾಯಂದಿರನ್ನು ಡಾಕ್ಟರು ಕೇಳುವ ಪ್ರಶ್ನೆ, ಅವರೆಲ್ಲ ಕೊಡುವ ಉತ್ತರ. ಆ ಸೀಸೆಯ ನೀರು ಕೊಲ್ಲಲಿಲ್ಲ, ಅದು ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೋ ಏನೋ ಎಂದೆ. ಜಾಡಿಯ ವಿಷಯ ಒಂದನ್ನು ಮಾತ್ರ ಹೇಳಲಿಲ್ಲ.

ಆಕೆ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ತೊಟ್ಟಿಲ ಹಗ್ಗ ಕೈಯಿಂದ ಜಾರಿತು.

"ತುಂಬಾ ಕೇಳಿದಾಗ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದೆ," ಎಂದರು, ನನಗಲ್ಲ, ನೆಲಕ್ಕೆ. "ಹತ್ತೀನೇ ಚೀಪೋಳು. ನಾನು ಬಾಯಿಂದ ಕಿತ್ಕೋತಿದ್ದೆ. ಅವಳಿಗೆ ಕೊಡದೆ ನಾನು ಹ್ಯಾಗೆ ಕುಡೀಲಿ ಅಂತ ಅವಳ ಎದುರಿಗೆ ನಾನೂ ಕುಡೀತಿರ್ಲಿಲ್ಲ."

ಆದರೂ ಬಿಡಲಿಲ್ಲ, ಬಿಡುವ ಹಾಗಿರಲಿಲ್ಲ. ಈ ಹುಡುಗಿಗೆ ತಲೆನೋವು ಏನಾದರೂ ಇದೆಯೇ ಎಂದು ಕೇಳಿದೆ.

ಭಾಗೀರಥ‌ಮ್ಮ ತಲೆ ಎತ್ತಿದರು. ಅವರ ಮುಖ ನೋಡಿದ ಮೇಲೆ ಉತ್ತರ ಬೇಕಿರಲಿಲ್ಲ. ನಿನ್ನೆಯಿಂದ, ಎಂದರು. ಮಗುವಿನ ಅಳುವಿಗೆ ನಿದ್ದೆಗೆಟ್ಟು ಬಂದಿರಬೇಕು ಎಂದುಕೊಂಡಿದ್ದರಂತೆ.

ನಾನು ಮುಟ್ಟದೆ ಬಿಟ್ಟಿದ್ದ ಹಿತ್ತಾಳೆ ಲೋಟವನ್ನು ಆಕೆ ಎರಡೂ ಕೈಯಲ್ಲಿ ಎತ್ತಿಕೊಂಡರು. ನೀರು ತುಳುಕಿ ಸೀರೆಯ ಮೇಲೆ ಚೆಲ್ಲಿತು. ಮೊಣಕೈಯಿಂದ ಬಾಗಿಲು ತಳ್ಳಿದರು. ಬಾಣಂತಿ ಕೋಣೆಗೆ ಹೊರಗಿನ ಗಂಡಸರು ಕಾಲಿಡಬಾರದೆಂಬುದನ್ನು ಆಕೆಯೂ ನೆನೆಸಲಿಲ್ಲ, ನಾನೂ ನೆನೆಸಲಿಲ್ಲ. ನಾನು ಹೊಸ್ತಿಲು ದಾಟಿ ಹೋಗಿ ಕಿಟಕಿ ತೆರೆದೆ.

ಹೊಗೆಯ ನಡುವೆ ಹಾಸಿಗೆಯ ಮೇಲೆ ಒಬ್ಬ ಹುಡುಗಿ, ತಲೆಗೆ ಬಟ್ಟೆ ಕಟ್ಟಿತ್ತು, ತುಟಿ ಬಿರಿದಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿ ಲೋಟವನ್ನು ನೋಡಿದಳು.

"ನೀರಾ ಅತ್ತೆ? ನನಗಾ?"

ಹೌದು ತಾಯಿ ಎಂದು ಭಾಗೀರಥಮ್ಮ ಅವಳ ಪಕ್ಕ ಕುಸಿದು ಕೂತು ಲೋಟ ಮುಂದೆ ಹಿಡಿದರು. ವನಮಾಲ ಲೋಟಕ್ಕೆ ಕೈ ಚಾಚಿದಳು. ಎಡಗೈ.

ಆ ಮನೆಯಲ್ಲಿ ದೊಡ್ಡವರ ಕೈಯಿಂದ ಯಾರೂ ಎಡಗೈಯಲ್ಲಿ ಏನನ್ನೂ ತೆಗೆದುಕೊಳ್ಳುವುದಿಲ್ಲ. ಭಾಗೀರಥಮ್ಮನ ಕಣ್ಣು ನಿಧಾನವಾಗಿ ಹಾಸಿಗೆಯ ಆಚೆ ಬದಿಗೆ ಹೋಯಿತು. ಬಲಗೈ ಅಂಗೈ ಮೇಲಾಗಿ ಹಾಗೆಯೇ ಬಿದ್ದಿತ್ತು.

"ತಪ್ಪು ತಿಳ್ಕೋಬೇಡಿ ಅತ್ತೆ," ಎಂದಳು ಆ ಹುಡುಗಿ. "ಬೆಳಿಗ್ಗೆಯಿಂದ ಈ ಕೈ ಏಳ್ತಿಲ್ಲ."